ಕಾಂತಪ್ಪನವರು ಮಳೆ ಇಳಿಸಿದ ಪ್ರಸಂಗ

ಆಂಟಾಪ್ ಹಿಲ್ಲಿನ ಗೌಳಿ ಹಾಲಿಗೆ ಬೆರೆಸುವ ನೀರಿನಲ್ಲಿ ಅರ್ಧದಷ್ಟನ್ನೂ ಈ ಕತೆಗೆ ಬೆರೆಸಿಲ್ಲ. ನಡೆದದ್ದು ನಡೆದ ಹಾಗೆಯೇ ಇದೆ. ಯಾರಿಗಾದರೂ ಸಂಶಯ ಬಂದರೆ ಸಯನ್ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿಗೆ ಹೋಗಿ, ಗಲ್ಲೆಯ ಮೇಲೆ ಕೂತ ಸದಾನಂದನನ್ನು ಕೇಳಬಹುದು. ಇದೇ ಕತೆಯನ್ನು ಆತ ಊರ ಮಂದಿಯ ದನಿಗಳನ್ನೆಲ್ಲ ಅನುಕರಿಸಿ ಹೇಳುತ್ತಾನೆ. ಕಾಫಿಯ ಬಿಲ್ಲನ್ನು ಮಾತ್ರ ಸ್ವಂತ ದನಿಯಲ್ಲಿ ಕೇಳುತ್ತಾನೆ.

ಕತೆಯ ನಾಯಕರು ಕಾಂತಪ್ಪನವರು. ಧಾರವಾಡದ ಕಡೆಯವರು, ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರು, ವಾಸ ಆಂಟಾಪ್ ಹಿಲ್ಲಿನ ಬುಡದ ಒಂದು ಚಾಳಿನಲ್ಲಿ. ಇಡೀ ಚಾಳಿನಲ್ಲಿ ಇಂಟರ್ ಸೈನ್ಸ್ ಓದಿದವರು ಅವರೊಬ್ಬರೇ. ಪಾಸಾದರೇ ಎಂದು ಯಾರೂ ಕೇಳಿರಲಿಲ್ಲ, ಅವರೂ ಆ ವಿಷಯಕ್ಕೆ ಹೋಗಿರಲಿಲ್ಲ. ಬಲ್ಬು ಸುಟ್ಟರೆ, ಹಾಲು ಒಡೆದರೆ, ಟ್ರಾಮು ನಿಂತರೆ ಜನ ಅವರತ್ತ ನೋಡುತ್ತಿದ್ದರು; ಅವರು ಕನ್ನಡಕ ಒರೆಸಿಕೊಂಡು, ಇದಕ್ಕೆ ಉಷ್ಣತೆಯೇ ಕಾರಣವೆಂದು ಹೇಳುತ್ತಿದ್ದರು. ಮುಂಬಯಿಯಲ್ಲಿ ಆ ಉತ್ತರ ತಪ್ಪಾಗುವ ಸಂಭವವೇ ಕಡಿಮೆ.

ಚಾಳಿನ ಕೆಳಗಿನ ಮೂಲೆಯ ಖೋಲಿಯಲ್ಲಿ ಕನ್ನಡ ಸಂಘದವರು ಮಕ್ಕಳಿಗೆ ಒಂದು ವರ್ಗ ನಡೆಸುತ್ತಿದ್ದರು. ಕಲಿಸುವವರು ಮಂಗಳೂರಿನ ಶೀಲಾವತಿ ಟೀಚರ್. ಶಾಲೆಗಳನ್ನು ತಪಾಸಣೆ ಮಾಡುವ ಸಾಹೇಬರು ಒಪ್ಪಿದರೆ ಜೂನಿನಿಂದ ಅದು ಪಕ್ಕಾ ಕನ್ನಡ ಶಾಲೆ. ಒಪ್ಪದಿದ್ದರೆ ಬಾಗಿಲಿಗೆ ಬೀಗ, ಮಕ್ಕಳು ಬೇರೆ ಬೇರೆ ಭಾಷೆಯ ಶಾಲೆಗಳಿಗೆ ಹಂಚಿಕೆ. ಸಾಹೇಬರು ಎಪ್ರಿಲ್ಲಿನ ಒಂದು ರವಿವಾರ ಬಂದು, ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯನ್ನು, ಮಳೆ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಆಕೆ ಕಾಂತಪ್ಪನವರ ಮಗಳು ಕಾಶವ್ವ. ಹುಟ್ಟಿದಾಗಿನಿಂದ ಕಂಡದ್ದನ್ನೇ ಹೇಳಿದಳು.

"ಮ್ಯಾಲಿನ ಮಜಲಾದಿಂದ್ರಿ. ಅವರು ಅರಿವಿ ಒಗದಾಗೆಲ್ಲ ಬರತದ."

ಪಕ್ಕದವನು ಅದು ತಪ್ಪು, ನಳದಿಂದ ಬರುತ್ತದೆ ಎಂದ. ನಳಕ್ಕೆ ಎಲ್ಲಿಂದ ಎಂದು ಕೇಳಿದರೆ ಮುನಸಿಪಾಲ್ಟಿಯಿಂದ ಎಂದ. ಮುನಸಿಪಾಲ್ಟಿಯ ಸಂಬಳ ತಿನ್ನುವ ಸಾಹೇಬರಿಗೆ ಈ ಕೀರ್ತಿ ಕೇಳಿ ಸಂತೋಷವಾಗಬೇಕಿತ್ತು, ಆಗಲಿಲ್ಲ. ಮುಂದಿನ ರವಿವಾರ ಮತ್ತೆ ಬಂದು ಇದೇ ಪ್ರಶ್ನೆ ಕೇಳುತ್ತೇನೆ, ಇದೇ ಉತ್ತರ ಬಂದರೆ ವರ್ಗ ಮುಚ್ಚಿತೆಂದು ತಿಳಿಯಿರಿ ಎಂದು ಹೇಳಿ, ಕೊಟ್ಟ ಚಹಾವನ್ನೂ ಕುಡಿಯದೆ ಹೊರಟುಹೋದರು.

ಸುದ್ದಿ ಕೇಳಿ ಕಾಂತಪ್ಪನವರ ರಕ್ತ ಕುದಿಯಿತು. ಉಷ್ಣತೆಯೇ ಕಾರಣ. ಇಂಟರ್ ಸೈನ್ಸಿನವರ ಮಗಳು ಮಳೆಯನ್ನು ಮೇಲಿನ ಮಹಡಿಯಿಂದ ಇಳಿಸುವುದೆಂದರೇನು? ಆ ಸಂಜೆಯೇ ಟೀಚರ ಹತ್ತಿರ ಹೋಗಿ, ನೀರು ಹೇಗೆ ಮೇಲೇರಿ ಹೇಗೆ ಕೆಳಗಿಳಿಯುತ್ತದೆ ಎಂಬ ಪಾಠವನ್ನು ತಾವೇ, ಮಕ್ಕಳ ಕಣ್ಣೆದುರಿಗೆ ಮಳೆ ಸುರಿಸಿ ಮಾಡುವುದಾಗಿ ಘೋಷಿಸಿದರು. ಟೀಚರು ಬಡಪಾಯಿ, ಒಂದು ಪಾತ್ರೆಯಲ್ಲಿ ನೀರು ಕುದಿಸಿ, ಮೇಲೆ ತಣ್ಣನೆಯ ಮುಚ್ಚಳ ಹಿಡಿದರೆ ಹನಿ ಬೀಳುತ್ತದಲ್ಲ, ಅಷ್ಟು ಸಾಕಲ್ಲವೇ ಎಂದರು.

"ಮುಚ್ಚಳದಾಗಿನ ಮಳಿ ನಮ್ಮ ಅತ್ತಿಯವರು ಬ್ಯಾಳಿ ಕುದಿಸುವಾಗ ದಿನಾ ಮಾಡ್ತಾರ್ರಿ ಟೀಚರ್. ಇದು ಸೈನ್ಸ್. ಸೈನ್ಸಿಗೆ ಕೊಳವಿ ಬೇಕು."

ಕೊಳವೆ ಸಿಕ್ಕಿದ್ದು ಸದಾನಂದನ ಹೋಟೆಲಿನಲ್ಲಿ, ಕೆಟ್ಟುಹೋದ ಕಾಫಿ ಬಾಯ್ಲರಿನ ಹೊಟ್ಟೆಯಲ್ಲಿ. ತಾಮ್ರದ್ದು, ಜಿಲೇಬಿಯ ಹಾಗೆ ಸುತ್ತಿಕೊಂಡದ್ದು. ಸದಾನಂದ ಅದನ್ನು ಖುಷಿಯಿಂದಲೇ ಕೊಟ್ಟ. ರವಿವಾರ ಬೆಳಿಗ್ಗೆ ಸೋಡಾ ಪೆಟ್ಟಿಗೆಯಿಂದ ಮಂಜುಗಡ್ಡೆಯನ್ನೂ ತರುತ್ತೇನೆಂದ. ದಿನಾ ಕಾಫಿ ಕುಡಿಯಲು ಬಂದು, ಕಾಫಿ ಹೇಗೆ ಮಾಡಬೇಕೆಂದು ಉಷ್ಣತೆಯ ಆಧಾರದ ಮೇಲೆ ಉಡುಪಿಯವನಿಗೇ ಕಲಿಸುತ್ತಿದ್ದ ಗಿರಾಕಿಯ ಬಗ್ಗೆ ಅವನಿಗೆ ಬಹಳ ದಿನಗಳಿಂದ ಒಂದು ಭಕ್ತಿ ಇತ್ತು. ಅದನ್ನು ತೋರಿಸಲು ಸಮಯ ಕಾಯುತ್ತಿದ್ದ.

ಯಂತ್ರ ಹೀಗಿತ್ತು. ಸ್ಟೋವಿನ ಮೇಲೆ ದೊಡ್ಡ ಅಲ್ಯುಮಿನಿಯಂ ಪಾತ್ರೆ, ಅದು ಸಮುದ್ರ. ಸ್ಟೋವಿನ ಮುಂದೆ ರಟ್ಟಿನಲ್ಲಿ ಕತ್ತರಿಸಿದ, ಮೀಸೆ ಇರುವ ಸೂರ್ಯ. ಪಾತ್ರೆಯ ಬಾಯಿಗೆ ಕಣಕ ಮೆತ್ತಿ ಕೂರಿಸಿದ ಮುಚ್ಚಳ, ಅದರ ತೂತಿನಿಂದ ಹೊರಟ ತಾಮ್ರದ ಕೊಳವೆ, ಆ ಕೊಳವೆ ಹಾಯ್ದುಹೋಗಲು ಹತ್ತಿ ಅಂಟಿಸಿದ ಒಂದು ತಗಡಿನ ಡಬ್ಬಿ. ಡಬ್ಬಿಯ ತುಂಬ ಮಂಜುಗಡ್ಡೆ. ಅದು ಮೋಡ. ಕೊಳವೆಯ ತುದಿಯಲ್ಲಿ ಶರಬತ್ತಿನ ಖಾಲಿ ಬಾಟಲಿ, ಅದರ ಮೇಲೆ, ಮುಂಬಯಿಗೆ ಕುಡಿಯುವ ನೀರು ಕೊಡುವ 'ವಿಹಾರ ಕೆರೆ'ಯ ಹೆಸರಿನ ಚೀಟಿ. ನಿರ್ಮಲ ಮನಸ್ಸಿನವರಿಗೆ ಇದರಲ್ಲಿ ಸಕಲ ಸೃಷ್ಟಿಯೂ ಕಾಣುತ್ತಿತ್ತು. ಆದರೆ ಅದು ದಾರೂಬಂದಿಯ, ಪಾನನಿಷೇಧದ ಕಾಲ. ಮುಂಬಯಿಯಲ್ಲಿ ಒಂದು ಗುಟುಕು ಕುಡಿದವನಿಗೂ ಜೇಲು, ಭಟ್ಟಿ ಹಚ್ಚಿ ಇಳಿಸಿದವನಿಗಂತೂ ಕೇಳುವುದೇ ಬೇಡ. ಗುಡ್ಡದಾಚೆಯ ಜೌಗಿನಲ್ಲಿ ಕದ್ದು ಉರಿಯುವ ಭಟ್ಟಿಗಳಲ್ಲಿಯೂ ಇಂಥದೇ ಪಾತ್ರೆ, ಇಂಥದೇ ಕೊಳವೆ, ಇಂಥದೇ ಬಾಟಲಿ ಇರುತ್ತಿದ್ದವು. ಅಲ್ಲಿ ಹತ್ತಿ ಅಂಟಿಸುವ ಪದ್ಧತಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟರಲ್ಲೇ ನಿಂತಿದ್ದರೂ ಆಗುತ್ತಿತ್ತು. ಶುಕ್ರವಾರ ಸಂಜೆ ತಾಲೀಮು ಮಾಡಲು ಕೂತ ಕಾಂತಪ್ಪನವರಿಗೆ, ಸಮುದ್ರವೆಂದ ಮೇಲೆ ಉಪ್ಪಿರಬೇಕೆಂದು ಹೊಳೆಯಿತು. ಉಪ್ಪು ಕೆಳಗೇ ಉಳಿದು ಸಿಹಿನೀರು ಮಾತ್ರ ಮೇಲೇರುವುದೇ ಪಾಠದ ಪ್ರಾಣ. ಒಳಗೆ ಹೋಗಿ ಉಪ್ಪಿನ ಭರಣಿಗೆ ಕೈ ಹಾಕಿದರು. ಭರಣಿಯ ಮೇಲೆ ಇನ್ನೊಂದು ಕೈ ಬಂತು. ಅದು ಅತ್ತೆ ರುದ್ರವ್ವನವರದು.

ಶುಕ್ರವಾರ, ಅದೂ ದೀಪ ಹಚ್ಚಿದ ಮೇಲೆ, ಮನೆಯ ಉಪ್ಪು ಹೊರಗೆ ಹೋಗುವುದೆಂದರೆ ಲಕ್ಷ್ಮಿಯನ್ನೇ ಕಳಿಸಿಕೊಟ್ಟಂತೆ ಎಂದು ರುದ್ರವ್ವ ಸಾರಿದರು. ಬರೀ ಕೆಳಗಿನ ಖೋಲಿಗೆ ಒಯ್ಯುತ್ತೇನೆ ಎಂದು ಅಳಿಯ ಹೇಳಿದರೆ, ಲಕ್ಷ್ಮಿಗೆ ಮೆಟ್ಟಿಲು ಇಳಿಯಲು ಬರುವುದಿಲ್ಲವೇ ಎಂದು ಕೇಳಿದರು. ಅಕ್ಕಪಕ್ಕದ ಮನೆಯವರೂ ದೀಪ ಹಚ್ಚಿದವರೇ. ಚಾಳಿನ ಬಾಗಿಲಿಗೆ ಕಿರಾಣಿ ಅಂಗಡಿ ಇಟ್ಟಿದ್ದ ಬೆಳಗಾವಿಯ ಈರಣ್ಣ, ಈ ಹೊತ್ತಿನಲ್ಲಿ ಉಪ್ಪಿನ ಹೆಸರು ಕೂಡ ಎತ್ತಬಾರದೆಂದು ಎರಡೂ ಕೆನ್ನೆ ಬಡಿದುಕೊಂಡ. ರಸ್ತೆಯಾಚೆ ಕಣ್ಣು ಹಾಯುವವರೆಗೆ ಉಪ್ಪಿನ ಆಗರಗಳಿದ್ದ ಆ ಊರಿನಲ್ಲಿ ಕಾಂತಪ್ಪನವರಿಗೆ ಒಂದು ಹಿಡಿ ಉಪ್ಪು ಹುಟ್ಟಲಿಲ್ಲ. ಕೊನೆಗೆ, ನೀರಿನಲ್ಲಿ ಕರಗುವ ಏನಾದರೂ ಆದೀತು ಎಂದು, ಈರಣ್ಣನ ಅಂಗಡಿಯ ಮೂಲೆಯಲ್ಲಿ ಸೆಕೆಗೆ ಕರಗಿ ಒಸರುತ್ತಿದ್ದ ಕರಿಬೆಲ್ಲದ ದೊಡ್ಡ ಪೆಂಟೆಯನ್ನೇ ಹೊತ್ತು ತಂದರು. ಹೋಳಿಗೆಗೂ ಬಾರದ, ದನಗಳೂ ಮೂಸದ ಬೆಲ್ಲ. ಭಟ್ಟಿಯವರು ಮಾತ್ರ ಕೊಳ್ಳುವಂಥದು. ಈರಣ್ಣ ತೂಗುತ್ತ ತೂಗುತ್ತ ಅವರ ಮುಖವನ್ನೇ ನೋಡಿದ.

ಬೆಲ್ಲವನ್ನು ನೀರಿನಲ್ಲಿ ಕದಡಿ, ಸ್ಟೋವು ಹಚ್ಚಿ, ಕೊಳವೆಯಿಂದ ನಾಲ್ಕು ಹನಿ ಬಿದ್ದದ್ದನ್ನು ಕಂಡು ಕಾಂತಪ್ಪನವರು ಕುಣಿದಾಡಿದರು. ನಾಲಿಗೆಗೆ ಹಚ್ಚಿ ನೋಡಿದರೆ ಸಿಹಿಯ ಸುಳಿವಿಲ್ಲ. ಆಮೇಲೆ ಸ್ಟೋವು ಆರಿಸಿ, ಪಾತ್ರೆಯಲ್ಲಿ ಇನ್ನಷ್ಟು ಬೆಲ್ಲ ನೀರು ಸುರಿದು, ರವಿವಾರಕ್ಕೆ ಸಿದ್ಧವಿರಲಿ ಎಂದು ಬಟ್ಟೆ ಕಟ್ಟಿ, ಆ ಖೋಲಿಯಲ್ಲೇ ಇಟ್ಟು ಬಂದರು. ಎಪ್ರಿಲ್ಲಿನ ಮುಂಬಯಿಯಲ್ಲಿ ಬೆಲ್ಲದ ನೀರನ್ನು ಬಟ್ಟೆ ಕಟ್ಟಿ ಇಟ್ಟರೆ ಏನಾಗುತ್ತದೆಂಬುದು ಬಹುಶಃ ಅವರು ಪಾಸಾಗದೆ ಉಳಿದ ಭಾಗದಲ್ಲಿತ್ತು.

ಮರುದಿನ ಬೆಳಿಗ್ಗೆ ಈರಣ್ಣ, ಲೋಕಾಭಿರಾಮವಾಗಿ, ಸದಾನಂದನ ಹೋಟೆಲಿಗೆ ಹೋಗಿ ಕರಿಬೆಲ್ಲದ ವಿಷಯ ತೆಗೆದ. ಸದಾನಂದನಿಗೆ ಕಾಯುತ್ತಿದ್ದ ಸಮಯ ಬಂದಿತ್ತು. ಆತ ಒಂದೂ ಸುಳ್ಳು ಹೇಳಲಿಲ್ಲ. ಸುತ್ತ ನೋಡಿ, ದನಿ ತಗ್ಗಿಸಿ, ಇಷ್ಟೇ ಅಂದ:

"ಕೊಳವೆ ಕೊಟ್ಟದ್ದು ನಾನು ಹೌದು ಮಾರಾಯ್ರೆ. ಐಸೂ ನಾನೇ ಕೊಡ್ಲಿಕ್ಕುಂಟು. ಎಂತಕ್ಕೆ ಅಂತ ಮಾತ್ರ ನನ್ನ ಹತ್ರ ಕೇಳ್ಬೇಡಿ."

ಕೇಳಬೇಡಿ ಎಂದದ್ದನ್ನು ಈರಣ್ಣ ಪಾಲಿಸಿದ. ಹೇಳಬೇಡಿ ಎಂದು ಸದಾನಂದ ಅಂದಿರಲಿಲ್ಲವಾದ್ದರಿಂದ, ಚಾಳಿನ ಪ್ರತಿ ಬಾಗಿಲಿನಲ್ಲೂ ನಿಂತು ಹೇಳಿದ. ಮಧ್ಯಾಹ್ನದ ಹೊತ್ತಿಗೆ ಕಾಂತಪ್ಪನವರ ಮರ್ಯಾದೆ ಏರಿದ ಪರಿ ನೋಡಬೇಕಿತ್ತು. ಅರ್ಧ ದಿನದ ಕಚೇರಿ ಮುಗಿಸಿ ಬಂದವರಿಗೆ, ಎಂದೂ ಮಾತಾಡಿಸದ ಮಿಲ್ಲಿನ ಮೇಸ್ತ್ರಿಗಳು ಎದ್ದು ನಿಂತು ನಮಸ್ಕಾರ ಮಾಡಿದರು. ನಳದ ಹತ್ತಿರ ಹೆಂಗಸರು ಮುಖ ತಿರುಗಿಸಿದರು. ಈರಣ್ಣ ಅಂಗಡಿ ಬಿಟ್ಟು ಎದ್ದು ಬಂದು, ಮೆಟ್ಟಿಲ ಕೆಳಗಿನ ಕತ್ತಲೆಗೆ ಅವರನ್ನು ಕರೆದೊಯ್ದ.

"ನಾಳೆ ಎಷ್ಟೊತ್ತಿಗೆ ಇಳಿಸೋದ್ರಿ?"

"ಒಂಬತ್ತಕ್ಕ. ಮಕ್ಕಳೆಲ್ಲ ಬಂದು ಕೂತ ಮ್ಯಾಲ."

ಈರಣ್ಣನ ಬಾಯಿ ಅರ್ಧ ತೆರೆಯಿತು. "ಮಕ್ಕಳ ಮುಂದೇನ್ರಿ?"

"ಮತ್ತ ಯಾರ ಸಲುವಾಗಿ ಮಾಡಾಕತ್ತೀನಿ ಈರಣ್ಣ? ಈ ವಯಸ್ಸಿನಾಗ ಹತ್ತಿದ್ದು ಕಡೀತನಕ ಬಿಡೂದಿಲ್ಲ."

"ಸರಕಾರದವರಿಗೆ ತಿಳಿದ್ರ?"

"ತಿಳಿದ್ರ ಏನು, ಸರಕಾರದ ಸಾಹೇಬರೇ ಬರ್ತಾರ. ಅವರಿಗೆ ಮುಂದ ಕುರ್ಚಿ ಹಾಕಸೇನಿ. ಅವರು ಒಪ್ಪಿದ್ರ ಜೂನಿನಿಂದ ದಿನಾ ನಡೀತದ."

ಈರಣ್ಣ ಎರಡೂ ಕೈ ಜೋಡಿಸಿ, ತನ್ನನ್ನು ಮರೆಯಬಾರದೆಂದಷ್ಟೇ ಬೇಡಿಕೊಂಡು ಹೋದ. ಸಂಜೆಯ ಹೊತ್ತಿಗೆ ಕಾಂತಪ್ಪನವರ ಹೊಸ್ತಿಲ ಹೊರಗೆ ಖಾಲಿ ಬಾಟಲಿಗಳು ಬಂದು ನಿಲ್ಲತೊಡಗಿದವು. ಔಷಧದ್ದು, ಎಣ್ಣೆಯದು, ಒಂದು ಮಗುವಿನ ಹಾಲಿನ ಬಾಟಲಿಯೂ ಇತ್ತು. ಯಾರದು ಯಾವುದೆಂದು ತಿಳಿಯಲು ಕತ್ತಿಗೆ ಬಣ್ಣಬಣ್ಣದ ದಾರ. ರುದ್ರವ್ವ ಇದೇನು ರದ್ದಿಯವನ ಅಂಗಡಿಯೇ ಎಂದು ಸಿಡುಕಿದರೆ, ಕಾಂತಪ್ಪನವರ ಕಣ್ಣು ಒದ್ದೆಯಾಯಿತು. ಮಕ್ಕಳು ಮಾಡಿದ ಮಳೆನೀರನ್ನು ಮನೆಗೆ ಒಯ್ದು ಇಟ್ಟುಕೊಳ್ಳಲು ಕಳಿಸಿದ್ದಾರೆ, ಈ ಚಾಳಿಗೆ ವಿಜ್ಞಾನದ ದಾಹ ಇಷ್ಟಿತ್ತೆಂದು ತಮಗೇ ಗೊತ್ತಿರಲಿಲ್ಲ ಎಂದರು.

ಅಷ್ಟರಲ್ಲಿ ಮುಚ್ಚಿದ ಬಾಗಿಲಿನ ಮೇಲೆ ಲಾಠಿಯಿಂದ ಬಡಿದ ಸದ್ದಾಯಿತು. ಹಿಂದೆಯೇ ಆ ಓಣಿಯ ಹವಾಲ್ದಾರನ ಗೊಗ್ಗರು ದನಿ: "ಕಾಯ್ ಚಾಲ್ಲಂಯ್ ಇಥೆ?" ಇಲ್ಲೇನು ನಡೀತಿದೆ ಎಂಬ ಈ ಒಂದು ಪ್ರಶ್ನೆಯಿಂದ ಆ ಹವಾಲ್ದಾರ ಇಡೀ ಆಂಟಾಪ್ ಹಿಲ್ಲನ್ನು ಆಳುತ್ತಿದ್ದ. ಏನೂ ನಡೆಯದ ಮನೆಯವರೂ ಅದನ್ನು ಕೇಳಿದೊಡನೆ ಏನೋ ನಡೆಸಿದವರಂತೆ ನಡುಗುತ್ತಿದ್ದರು. ಕಾಂತಪ್ಪನವರು ಜಿಗಿದೆದ್ದು, ಯಾವ ಕಾರಣವೂ ಇಲ್ಲದೆ, ಮಗಳ ಭೂಗೋಳದ ಪುಸ್ತಕವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಾಗಿಲು ತೆರೆದರು. ಹೊರಗೆ ಊದುಗೊಳವೆ ಹಿಡಿದು ನಿಂತ ಸದಾನಂದ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಐಸು ಎಷ್ಟು ಬೇಕೆಂದು ಕೇಳಲು ಬಂದದ್ದಂತೆ. ಮತ್ತೊಮ್ಮೆ ಈ ಆಟಕ್ಕೆ ತಾನು ಬೀಳುವವನಲ್ಲ ಎಂದು ಕಾಂತಪ್ಪನವರು ಅಂದೇ ಶಪಥ ಮಾಡಿದರು. ಶಪಥವನ್ನು ಮುರಿದಿದ್ದರೆ ಒಳ್ಳೆಯದಿತ್ತು.

ರವಿವಾರ ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳ ಹಿಂದೆ ಅವರ ಅಪ್ಪಂದಿರು, ಅವರ ಹಿಂದೆ ಮಕ್ಕಳೇ ಇಲ್ಲದವರು. ಪಾಲಕರಿಗೆ ಶಿಕ್ಷಣದಲ್ಲಿ ಇಷ್ಟು ಆಸಕ್ತಿ ಇರುವುದನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದು ಸಾಹೇಬರು ಟೀಚರಿಗೆ ಹೇಳಿ, ಕುರ್ಚಿಯಲ್ಲಿ ಕೂತರು. ಸ್ಟೋವು ಭುಸುಗುಟ್ಟಿತು. ಮೀಸೆಯ ಸೂರ್ಯ ಹೊಳೆದ. ಸಮುದ್ರ ಕುದಿಯತೊಡಗಿತು, ಜೊತೆಗೇ ಹುಳಿ ಹುಳಿಯಾದ, ಸಿಹಿ ಸಿಹಿಯಾದ ಒಂದು ವಾಸನೆ ಎದ್ದು ಖೋಲಿಯನ್ನೆಲ್ಲ ತುಂಬಿತು. ಸಾಹೇಬರು ಕರವಸ್ತ್ರ ತೆಗೆದರು. ಹಿಂದಿನ ಸಾಲಿನಲ್ಲಿ ಯಾರೋ ಭಕ್ತಿಯಿಂದ ಉಸಿರೆಳೆದುಕೊಂಡರು.

ಕಾಂತಪ್ಪನವರು ಉಬ್ಬಿಹೋಗಿದ್ದರು. ಸೂರ್ಯ ಕಾಯಿಸುತ್ತಾನೆ, ನೀರು ಆವಿಯಾಗುತ್ತದೆ, ಕಸವೆಲ್ಲ ಕೆಳಗೇ ಉಳಿಯುತ್ತದೆ, ಆವಿ ಮೇಲೇರಿ ತಣ್ಣಗಾಗಿ ಮೋಡವಾಗುತ್ತದೆ, ಮೋಡ ಕರಗಿ ಹನಿಯಾಗುತ್ತದೆ, ಹನಿ ಹೊಳೆ ಸೇರಿ ಮತ್ತೆ ಸಮುದ್ರಕ್ಕೆ ಬರುತ್ತದೆ. ಮಕ್ಕಳು ಬಾಯಿ ಬಿಟ್ಟು ಕೇಳಿದರು, ಕೇಳಿದ್ದನ್ನು ಒಕ್ಕೊರಲಿನಿಂದ ಹೇಳಿದರು. ಕೊಳವೆಯ ತುದಿಯಲ್ಲಿ ಮೊದಲ ಹನಿ ಮೂಡಿತು, ತೂಗಿತು, ವಿಹಾರ ಕೆರೆಗೆ ಟಪ್ಪೆಂದು ಬಿತ್ತು. ಮಕ್ಕಳು ಚಪ್ಪಾಳೆ ಹೊಡೆದರು. ಅಪ್ಪಂದಿರು ಒಂದು ಹೆಜ್ಜೆ ಮುಂದೆ ಬಂದರು. ಹನಿಯ ಹಿಂದೆ ಹನಿ, ಕೆರೆ ಏರತೊಡಗಿತು. ಸರಿಯಾಗಿ ಆ ಹೊತ್ತಿಗೆ ಬಾಗಿಲ ಹೊರಗಿನಿಂದ, "ಕಾಯ್ ಚಾಲ್ಲಂಯ್ ಇಥೆ?"

ಅಪ್ಪಂದಿರು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ಎಳೆದುಕೊಂಡರು. ಕಾಂತಪ್ಪನವರು ಮಾತ್ರ ಮುಗುಳ್ನಕ್ಕು, ಮಕ್ಕಳತ್ತ ಕಣ್ಣು ಹೊಡೆದು, ಬಾಗಿಲಿನತ್ತ ಬೆನ್ನು ಮಾಡಿಕೊಂಡೇ ಗಟ್ಟಿಯಾಗಿ ಕೂಗಿದರು:

"ಬಾರಪಾ ಹವಾಲ್ದಾರ, ನಿನ್ನ ಸಲುವಾಗೇ ಇಳಿಸಾಕತ್ತೀನಿ. ಆ ಬೊಂಬು ಅಲ್ಲೇ ಮೂಲ್ಯಾಗ ಇಡು. ಮೊದಲನೇ ಗ್ಲಾಸು ನಿಂದ; ಖಡಕ್ ಆಗೇತೋ ಇಲ್ಲೋ ಕುಡದು ಹೇಳು."

ಆಗ ಅವರ ಮೊಣಕೈಯ ಹತ್ತಿರ, ಮಂಜುಗಡ್ಡೆಯ ಬಕೀಟು ಹಿಡಿದು ನಿಂತಿದ್ದವನ ದನಿ ಸಣ್ಣಗೆ ಕೇಳಿಸಿತು. ಅದು ಸದಾನಂದನ ಸ್ವಂತ ದನಿ.

"ಕಾಂತಪ್ಪನವರೆ, ನಾನು ಇಲ್ಲಿದ್ದೇನೆ."

ತಿರುಗಿ ನೋಡಿದರೆ ಬಾಗಿಲು ಕಾಣಲಿಲ್ಲ. ಬಾಗಿಲಿನ ತುಂಬ ಹವಾಲ್ದಾರ ಇದ್ದ. ಕಾಂತಪ್ಪನವರು ಬದುಕಿನಲ್ಲಿ ಮೊದಲ ಸಲ, ಯಾವ ಉಷ್ಣತೆಯೂ ಇಲ್ಲದೆ ಬೆವರಿದರು. ಕೈಗೆ ಬೇಡಿ ಬಿದ್ದರೆ ನೌಕರಿ ಹೋಯಿತು. ಖೋಲಿಯಲ್ಲಿ ಭಟ್ಟಿ ಸಿಕ್ಕಿತೆಂದರೆ ಕನ್ನಡ ವರ್ಗದ ಬಾಗಿಲಿಗೆ ಬೀಳುವ ಬೀಗವನ್ನು ಯಾವ ಸಾಹೇಬರೂ ತೆಗೆಯುವ ಹಾಗಿರಲಿಲ್ಲ. ಸಾಹೇಬರು ಆಗಲೇ ಕುರ್ಚಿಯನ್ನು ಸಮುದ್ರದಿಂದ ದೂರ ಸರಿಸಿಕೊಂಡಿದ್ದರು. ಶೀಲಾವತಿ ಟೀಚರು ಸೀರೆಯ ಸೆರಗನ್ನು ಕಚ್ಚಿಕೊಂಡು ನಿಂತಿದ್ದರು. ಈರಣ್ಣ ದಾರ ಕಟ್ಟಿದ ಬಾಟಲಿಯ ಮೇಲೆ ಕೂತುಬಿಟ್ಟಿದ್ದ.

ಹವಾಲ್ದಾರ ಪಾತ್ರೆ ನೋಡಿದ, ಕೊಳವೆ ನೋಡಿದ, ಮೂಗು ಅರಳಿಸಿ ಇದು ಬೆಲ್ಲದ ಭಟ್ಟಿ ಎಂದು ತೀರ್ಪು ಕೊಟ್ಟ. ಕಾಂತಪ್ಪನವರಿಗೆ ನಾಲಿಗೆ ಹೊರಳಲಿಲ್ಲ. ಹೊರಳಿದ್ದು ಕಾಶವ್ವನಿಗೆ. ಆಕೆ ಎದ್ದು, ಹವಾಲ್ದಾರನ ಲಾಠಿಯನ್ನೇ ಹಿಡಿದು ಪಾತ್ರೆಯ ಕಡೆ ತಿರುಗಿಸಿ, ನಳದ ಸಾಲಿನಲ್ಲಿ ಕಲಿತ ಹಿಂದಿಯಲ್ಲಿ, ಸಮುದ್ರದಿಂದ ಮಳೆಯವರೆಗೆ ಇಡೀ ಪಾಠವನ್ನು ಶುರು ಮಾಡಿದಳು.

"ದಾರೂ ನಹೀ ಹೈ. ಯೇ ದರ್ಯಾ ಹೈ. ಯೇ ಸೂರಜ್. ದರ್ಯಾ ಕಾ ಪಾನೀ ಊಪರ್ ಜಾತಾ, ಕಚರಾ ನೀಚೇ ರಹತಾ. ಯೇ ಬಾದಲ್. ಔರ್ ಯೇ ಬಾರಿಶ್."

ಉಳಿದ ಮಕ್ಕಳು ಸುಮ್ಮನಿರುತ್ತವೆಯೇ. ಒಬ್ಬ ಮೋಡದ ಹತ್ತಿ ಕಿತ್ತು ತೋರಿಸಿದ, ಇನ್ನೊಬ್ಬಳು ಹೊಳೆ ಎಲ್ಲಿಂದ ಹೋಗುತ್ತದೆಂದು ಹವಾಲ್ದಾರನ ಬೂಟುಗಳ ನಡುವೆ ಬೆರಳಿನಿಂದ ಗೆರೆ ಎಳೆದಳು. ಎಲ್ಲ ಸರಿ, ಸಮುದ್ರದಲ್ಲಿ ಬೆಲ್ಲ ಯಾಕೆ ಎಂದು ಆತ ಗುಡುಗಿದ. ಶುಕ್ರವಾರ ದೀಪ ಹಚ್ಚಿದ ಮೇಲೆ ಉಪ್ಪು ಸಿಗಲಿಲ್ಲ ಎಂದು ಕಾಂತಪ್ಪನವರು ತೊದಲಿದರು. ಅಷ್ಟು ಹೊತ್ತಿನಲ್ಲಿ ಹವಾಲ್ದಾರನ ತಲೆಗೆ ನೇರವಾಗಿ ಇಳಿದ ಮಾತು ಅದೊಂದೇ. ಅವನ ತಾಯಿಯೂ ಕೊಡುತ್ತಿರಲಿಲ್ಲವಂತೆ.

ಆದರೂ ಕಾನೂನು ಕಾನೂನು. ಬಾಟಲಿಯಲ್ಲಿರುವುದು ನೀರೇ ಎಂದು ಯಾರಾದರೂ ರುಚಿ ನೋಡಿ ಹೇಳಬೇಕೆಂದ. ಯಾರೂ ಮುಂದೆ ಬರಲಿಲ್ಲ. ಇದು ದಾರೂ ಅಲ್ಲ ಎಂದು ಹೇಳಬೇಕಾದರೆ ದಾರೂ ಹೇಗಿರುತ್ತದೆಂದು ತಿಳಿದಿರಬೇಕು. ಹವಾಲ್ದಾರನ ಎದುರಿಗೆ ಅದನ್ನು ಒಪ್ಪಿಕೊಳ್ಳುವ ಗಂಡಸು ಮುಂಬಯಿ ರಾಜ್ಯದಲ್ಲೇ ಇರಲಿಲ್ಲ. ನಿನ್ನೆ ಬಾಟಲಿ ಇಟ್ಟವರೆಲ್ಲ ಗೋಡೆಯ ಸುಣ್ಣ ನೋಡುತ್ತಿದ್ದರು. ಕಡೆಗೆ ಜನರನ್ನು ತಳ್ಳಿಕೊಂಡು ಹಣೆತುಂಬ ವಿಭೂತಿಯ ರುದ್ರವ್ವ ಬಂದರು. ಅಳಿಯನನ್ನು ಒಂದು ಸಲ ಉರಿಗಣ್ಣಿನಿಂದ ನೋಡಿ, ಬಾಟಲಿ ಎತ್ತಿ, ಗಂಟಲಿಗೆ ಸುರಿದುಕೊಂಡು ಕಣ್ಣು ಮುಚ್ಚಿದರು.

"ಇನ್ನೊಂದು ಗುಟುಕು ನೋಡಬೇಕು," ಎಂದರು ರುದ್ರವ್ವ.

ಕಾಂತಪ್ಪನವರ ಮೊಣಕಾಲು ಮಡಚಿಕೊಂಡವು. ಅತ್ತೆ ಇನ್ನೊಂದು ಗುಟುಕನ್ನೂ ನಿಧಾನವಾಗಿ ನೋಡಿ, ಬಾಯಿ ಒರೆಸಿಕೊಂಡು, ನೀರು, ಬರೇ ನೀರು, ಈ ಅಳಿಯನ ಕೈಯಿಂದ ಇದಕ್ಕಿಂತ ಹೆಚ್ಚಿನದು ಏನು ಬಂದೀತು ಎಂದರು. ಅತ್ತೆಯಾದವರ ಸಾಕ್ಷಿ ಅಳಿಯನಿಗೆ ನಡೆಯುವುದಿಲ್ಲವೆಂದು ಹವಾಲ್ದಾರ ತಲೆಯಾಡಿಸಿ, ತನ್ನ ಇಲಾಖೆಯ ಸೈನ್ಸನ್ನು ಹೊರಗೆ ತೆಗೆದ. ಅದು ಒಂದು ಬೆಂಕಿಪೊಟ್ಟಣ. ನೆಲದ ಮೇಲೆ ಬಾಟಲಿಯಿಂದ ಒಂದಿಷ್ಟು ಸುರಿದು, ಕಡ್ಡಿ ಗೀರಿ, ಬಾಗಿದ. ದಾರೂ ಇದ್ದರೆ ನೀಲಿಯಾಗಿ ಹೊತ್ತಿಕೊಳ್ಳಬೇಕು. ಮಕ್ಕಳೂ ಬಾಗಿದರು, ಸಾಹೇಬರೂ ಬಾಗಿದರು. ಕಡ್ಡಿ ಹನಿಗೆ ತಾಗಿ ಚುಂಯ್ ಎಂದು ಆರಿಹೋಯಿತು. ಇನ್ನೊಂದು ಗೀರಿದ; ಅದೂ ಆರಿತು. ಬಾರಿಶ್, ಬಾರಿಶ್ ಎಂದು ಮಕ್ಕಳು ಕುಣಿದ ಕುಣಿತಕ್ಕೆ ರಟ್ಟಿನ ಸೂರ್ಯ ಮುಳುಗಿದ.

ಹವಾಲ್ದಾರ ನಿಧಾನವಾಗಿ ನೆಟ್ಟಗಾದ. ಟೋಪಿ ತೆಗೆದು ತಲೆ ಕೆರೆದುಕೊಂಡು, ಮಕ್ಕಳ ಚಾಪೆಯ ಅಂಚಿನಲ್ಲಿ ಕೂತು, ಬೆಲ್ಲ ಮೇಲೇಕೆ ಹೋಗಲಿಲ್ಲ ಎಂದು ಕಾಶವ್ವನನ್ನೇ ಕೇಳಿದ. ಆಕೆ ಹೇಳಿದಳು. ಹಾಗಾದರೆ ಸಮುದ್ರದ ಉಪ್ಪೂ ಮಳೆಯಲ್ಲಿ ಬರುವುದಿಲ್ಲ, ಅದಕ್ಕೇ ಮಳೆನೀರು ಸಪ್ಪಗೆ ಎಂದು ತಾನೇ ಕಂಡುಹಿಡಿದು, ತನ್ನ ತೊಡೆಯ ಮೇಲೆ ತಾನೇ ಹೊಡೆದುಕೊಂಡ. ಇಷ್ಟು ವರ್ಷ ಮಳೆಯಲ್ಲಿ ನಿಂತು ಡ್ಯೂಟಿ ಮಾಡಿದರೂ ಯಾರೂ ಇದನ್ನು ಹೇಳಿರಲಿಲ್ಲವಂತೆ. ಸಾಹೇಬರು ಕೇಳಬೇಕೆಂದು ತಂದಿದ್ದ ಪ್ರಶ್ನೆಯನ್ನು ನುಂಗಿಕೊಂಡರು. ಮಕ್ಕಳಿಗೆ ಕಲಿಸುವುದು ಇದ್ದದ್ದೇ, ಕಲಿತ ಮಕ್ಕಳು ಪೊಲೀಸರಿಗೆ ಕಲಿಸಿದ ಶಾಲೆಯನ್ನು ಮುಚ್ಚಲು ತಮಗೆ ಮನಸ್ಸಿಲ್ಲ, ಜೂನಿನಲ್ಲಿ ಬೋರ್ಡು ಹಾಕಿಸಿಕೊಳ್ಳಿ ಎಂದು ಶೀಲಾವತಿ ಟೀಚರಿಗೆ ಹೇಳಿದರು. ಟೀಚರ ಕಣ್ಣಿನಲ್ಲಿ ಸೂರ್ಯನ ಸಹಾಯವಿಲ್ಲದೆಯೇ ನೀರು ಬಂತು. ಸಾಹೇಬರೂ ಹವಾಲ್ದಾರನೂ ಚಹಾ ಕುಡಿದು, ಒಟ್ಟಿಗೇ ಹೊರಟುಹೋದರು.

ಅವರ ಬೆನ್ನು ಮರೆಯಾದದ್ದೇ ತಡ, ಎಲ್ಲರ ಕಣ್ಣು ಸದಾನಂದನ ಮೇಲೆ ಬಿತ್ತು. ಈರಣ್ಣ ಬಾಟಲಿಯ ಮೇಲಿಂದ ಎದ್ದು, ಹೋಟೆಲಿನಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಿದ. ಸದಾನಂದ ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಗಂಡಸರೆಲ್ಲ ಬಾಟಲಿ ಹಿಡಿದುಕೊಂಡು ಬರುತ್ತಾರೆಂದಷ್ಟೇ ಎಣಿಸಿದ್ದೆ, ಹವಾಲ್ದಾರ ಬರುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ ಎಂದ. ಇದಕ್ಕೆ ದಂಡ ಏನೆಂದು ಎಲ್ಲರೂ ಕಾಂತಪ್ಪನವರನ್ನು ಕೇಳಿದರು. ಅವರು ಸಾಹೇಬರು ಬಿಟ್ಟುಹೋದ ಕುರ್ಚಿಯಲ್ಲಿ ಕುಸಿದು ಕೂತು, ಬಿಳಿಚಿದ ಮುಖದಲ್ಲೇ ಕನ್ನಡಕ ಒರೆಸಿಕೊಂಡರು.

"ಬಾಗಿಲಿಗೆ ಬೆನ್ನು ಮಾಡಿ ನಿಂತು ನಾ ಏನಂದೆ, ಹೆಂಗಂದೆ, ನನಗ ನೆನಪಿಲ್ಲ. ಅದನ್ನ ಮಾಡಿ ತೋರಸು."

ಸದಾನಂದ ಹಿಂದೆಮುಂದೆ ನೋಡಿದ. ಆಮೇಲೆ ಕನ್ನಡಕ ಏರಿಸಿಕೊಂಡಂತೆ ಮಾಡಿ, ಹೊಟ್ಟೆ ಮುಂದೆ ಚಾಚಿ, ಅಚ್ಚ ಧಾರವಾಡದಲ್ಲಿ, "ಬಾರಪಾ ಹವಾಲ್ದಾರ" ಎಂದು ತೆಗೆದ. ಬೊಂಬನ್ನು ಮೂಲೆಗೆ ಇಡಿಸಿದ, ಮೊದಲನೇ ಗ್ಲಾಸು ಕೊಟ್ಟ, ಖಡಕ್ ಆಯಿತೇ ಎಂದು ಕೇಳಿದ. ತಿರುಗಿದ, ಬಾಗಿಲು ನೋಡಿದ, ಮೊಣಕಾಲು ಒಂದೊಂದಾಗಿ ಮಡಚಿಕೊಂಡು ಕೆಳಗಿಳಿದ. ಖೋಲಿಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಕಾಂತಪ್ಪನವರ ಮುಖ ನೋಡುತ್ತಿದ್ದರು. ಆ ಮುಖ ಮೊದಲು ಕೆಂಪಾಯಿತು, ಆಮೇಲೆ ಉಬ್ಬಿತು, ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಅದುರಿತು. ಮರುಕ್ಷಣ ಕಾಂತಪ್ಪನವರು ಒಡೆದುಹೋಗಿ ನಕ್ಕರು. ಕುರ್ಚಿಯಿಂದ ಜಾರಿ, ಚಾಪೆಯ ಮೇಲೆ ಬಿದ್ದು, ಮೋಡವನ್ನು ತಬ್ಬಿಕೊಂಡು ನಕ್ಕರು. ಹಿಂದೆಯೇ ಚಾಳೆಲ್ಲ ನಕ್ಕಿತು, ರುದ್ರವ್ವ ಸೆರಗು ಬಾಯಿಗೆ ಒತ್ತಿ ನಕ್ಕರು. ಆದರೆ ಎಲ್ಲರ ನಗೆಯ ಮೇಲೆ ಕಾಂತಪ್ಪನವರ ನಗೆಯೇ ಕೇಳುತ್ತಿತ್ತು. ಎಷ್ಟು ದೂರ ಕೇಳಿತೆಂದರೆ, ಓಣಿಯ ತಿರುವು ದಾಟಿದ್ದ ಹವಾಲ್ದಾರ ಗಕ್ಕನೆ ನಿಂತು, ಜೇಬಿನಲ್ಲಿ ಬೆಂಕಿಪೊಟ್ಟಣ ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಲಾಠಿ ಎತ್ತಿ ಹಿಡಿದು ಮತ್ತೆ ಚಾಳಿನ ಕಡೆಗೆ ಓಡೋಡಿ ಬಂದ.